ಫ್ಲೂಮಿನ ಬಗ್ಗಡ ಲೆಕ್ಕಕ್ಕಿಂತ ಬೇಗ ತಿಳಿಯಾಗುತ್ತಿದೆ, ಜೇಡಿ ಎಲ್ಲಿ ಹೋಗುತ್ತಿದೆ?

ಬಗ್ಗಡ_240: ನೀರು ಸುತ್ತಿ ಬರುವ ಫ್ಲೂಮ್ (ಪ್ರಯೋಗದ ಗಾಜಿನ ಕಾಲುವೆ), 5 ಮೀ. ಉದ್ದ, 30 ಸೆಂ.ಮೀ. ಅಗಲ. ತಳದಲ್ಲಿ 12 ಸೆಂ.ಮೀ. ದಪ್ಪಕ್ಕೆ 0.5 ಮಿ.ಮೀ. ಮರಳು, ಅದರ ಮೇಲೆ 12 ಸೆಂ.ಮೀ. ನೀರು, ವೇಗ ಸೆಕೆಂಡಿಗೆ 20 ಸೆಂ.ಮೀ. ಮರಳಲ್ಲಿ 15 ಸೆಂ.ಮೀ.ಗೊಂದರಂತೆ 1.5 ಸೆಂ.ಮೀ. ಎತ್ತರದ ದಿಬ್ಬಗಳಿವೆ, ಅವು ಕದಲುತ್ತಿಲ್ಲ. ಸಂಪು, ಪೈಪು ಸೇರಿ ಮರಳಿನ ಮೇಲೆ 240 ಲೀಟರ್ ಬೋರ್‌ವೆಲ್ ನೀರು. 2 ಮೈಕ್ರಾನಿನ ಕೆಯೊಲಿನ್ (ಬಿಳಿ ಜೇಡಿ) 48 ಗ್ರಾಂ ಹಾಕಿದೆ. ನಿಂತ ನೀರಲ್ಲಿ ಸಣ್ಣ ಕಣ ಇಳಿಯುವ ವೇಗದ ಸ್ಟೋಕ್ಸ್ ಲೆಕ್ಕಕ್ಕೆ ಅದು ಇಳಿಯುವುದು ಸೆಕೆಂಡಿಗೆ 0.0036 ಮಿ.ಮೀ., ಅಂದರೆ ದಿನಕ್ಕೆ ಒಂದಡಿ. ಒಂದೇ ಗಂಟೆಯಲ್ಲಿ ಬಗ್ಗಡ ಅರ್ಧಕ್ಕಿಳಿದಿದೆ! ಈ ಹರಿವಿನಲ್ಲಿ ತೇಲಿಕೊಂಡೇ ಇರಬೇಕಲ್ಲವೇ? ಬಗ್ಗಡ ಅಳೆಯುವ ಮೀಟರ್ ಕೆಟ್ಟಿದೆಯೋ?

ತಳಮರಳು: ಮೀಟರ್ ಮೇಲೆ ಈಗಲೇ ಗೂಬೆ ಕೂರಿಸಬೇಡಿ. ನಿಮ್ಮದೇ ಕೆಯೊಲಿನ್‌ನಲ್ಲಿ ಲೀಟರಿಗೆ 25, 50, 100, 200 ಮಿ.ಗ್ರಾಂ. ಕಲಸಿ ಓದಿಸಿ, ಗೆರೆ ನೇರ ಬಂದರೆ ಅದು ಸರಿಯಿದೆ.

ಅಸಲು ವಿಷಯ ಮರಳಿನೊಳಗಿದೆ. ಹರಿವು ದಿಬ್ಬದ ಏರುಮುಖಕ್ಕೆ ಬಡಿದಾಗ ಅಲ್ಲಿ ಒತ್ತಡ ಹೆಚ್ಚು, ನೆತ್ತಿ ದಾಟಿದ ಮೇಲೆ ಕಡಿಮೆ. ಹಾಗಾಗಿ ನೀರು ಏರುಮುಖದಲ್ಲಿ ಮರಳಿಗೆ ನುಗ್ಗಿ ಆಚೆ ಬದಿಯಲ್ಲಿ ಹೊರಬರುತ್ತದೆ. ನಿಮ್ಮ ಅಳತೆಗೆ ಈ ಒತ್ತಡದ ಏರಿಳಿತ ಬರೀ 0.4 ಮಿ.ಮೀ. ನೀರಿನೆತ್ತರದಷ್ಟು. ಆದರೂ ಮರಳಿನ ನೀರೊಯ್ಯುವ ಗುಣ ಸೆಕೆಂಡಿಗೆ 1.2 ಮಿ.ಮೀ. ಎಂದು ಹಿಡಿದರೆ, ಸರಾಸರಿ ಸೆಕೆಂಡಿಗೆ 0.006 ಮಿ.ಮೀ. ನೀರು ತಳಕ್ಕಿಳಿಯುತ್ತದೆ. ಜೇಡಿ ತಾನಾಗಿ ಇಳಿಯುವುದಕ್ಕಿಂತ ಇದೇ ಹೆಚ್ಚು. ಮೇಲಿನ ಸುಳಿಗಳು ಮರಳಿನ ಸಂದಿಗೆ ತಲುಪುವುದಿಲ್ಲ, ಒಳಹೊಕ್ಕ ಕಣ ಕಾಳಿಗಂಟಿದರೆ ಮತ್ತೆ ಏಳುವುದಿಲ್ಲ. ಗಾಜಿನ ಪಕ್ಕದಿಂದ ನೋಡಿ, ಏರುಮುಖದ ಕೆಳಗೆ ಹಾಲು ಚೆಲ್ಲಿದಂತೆ ಬೆಳ್ಳನೆಯ ಕುಡುಗೋಲು ಆಕಾರ ಕಾಣಬೇಕು.

ಗಸಿಪಾತ್ರೆ: ಆದರೂ ಲೆಕ್ಕ ಕೂಡುವುದಿಲ್ಲ. 240 ಲೀಟರನ್ನು 1.5 ಚ.ಮೀ. ತಳಕ್ಕೆ ಹಂಚಿದರೆ ಆಳ 16 ಸೆಂ.ಮೀ. ಇಳಿಯುವುದು, ಒಳನುಗ್ಗುವುದು ಎರಡನ್ನೂ ಕೂಡಿದರೂ ಅರ್ಧವಾಗಲು ಸುಮಾರು 3 ಗಂಟೆ ಬೇಕು. ಉಳಿದದ್ದಕ್ಕೆ ನನ್ನ ಅನುಮಾನ ಬೋರ್‌ವೆಲ್ ನೀರಿನ ಮೇಲೆ. ಗಡಸು ನೀರಿನ ಕ್ಯಾಲ್ಸಿಯಂ ಜೇಡಿಯನ್ನು ಹಿಂಜಲುಗಟ್ಟಿಸುತ್ತದೆ, ಅಂದರೆ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಗುಂಪಾಗುತ್ತವೆ, ಆಮೇಲೆ ನಿಮ್ಮ 2 ಮೈಕ್ರಾನಿಗೆ ಅರ್ಥವಿಲ್ಲ. ಒಂದು ಜಾಡಿಯಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಆರ್‌ಒ ನೀರು, ಎರಡಕ್ಕೂ ಅಷ್ಟೇ ಜೇಡಿ ಹಾಕಿ ಅರ್ಧ ಗಂಟೆ ಬಿಡಿ. ಬೋರ್ ನೀರಲ್ಲಿ ಮೇಲುಭಾಗ ತಿಳಿಯಾಗಿ ತಳದಲ್ಲಿ ಗಸಿ ನಿಂತರೆ ಅನುಮಾನ ನಿಜ. ಸಂಪಿನ ಮೂಲೆಗೂ ಕೈಯಾಡಿಸಿ ನೋಡಿ, ಅಲ್ಲಿ ಕೆಸರು ಕೂತಿದ್ದರೆ ಅದನ್ನೂ ಮರಳಿನ ಲೆಕ್ಕಕ್ಕೆ ಬರೆದಿದ್ದೀರಿ.

ಆಮೇಲೆ ಆರ್‌ಒ ನೀರಲ್ಲಿ ಎರಡು ಓಟ: ಒಂದರಲ್ಲಿ ದಿಬ್ಬಗಳಿಗೆ ಅಂಟಿಕೊಂಡಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಇನ್ನೊಂದರಲ್ಲಿ ತೆರೆದು. ಹಾಳೆ ಮುಚ್ಚಿದಾಗ ಬಗ್ಗಡ ಹೆಚ್ಚೂಕಡಿಮೆ ನಿಂತೇ ಇರಬೇಕು.

ತಳಮರಳು: ಜೊತೆಗೆ ಉಪ್ಪಿನ ಓಟವೂ ಇರಲಿ. 48 ಗ್ರಾಂ ಉಪ್ಪು ಸಾಕು, ಹೆಚ್ಚಾದರೆ ಉಪ್ಪುನೀರು ತೂಕಕ್ಕೇ ಮರಳಿಗಿಳಿಯುತ್ತದೆ. ಉಪ್ಪು ಎಲ್ಲೂ ಅಂಟುವುದಿಲ್ಲ. ಮರಳಿನ ಸಂದಿಗಳಲ್ಲಿ ಮೊದಲೇ ಇರುವ 70 ಲೀಟರ್ ಚಿಲ್ಲರೆ ನೀರಿಗೆ ಹಂಚಿಕೊಂಡು, ಮೊದಲಿನ ಮುಕ್ಕಾಲು ಪಾಲಿನ ಸುತ್ತ ನಿಲ್ಲುತ್ತದೆ. ಜೇಡಿ ಅದಕ್ಕಿಂತ ಕೆಳಗಿಳಿದಷ್ಟೂ ಸಿಕ್ಕಿಬಿದ್ದದ್ದು. ಉಪ್ಪು, ಜೇಡಿ ಒಟ್ಟಿಗೆ ಮಾತ್ರ ಹಾಕಬೇಡಿ, ಮತ್ತೆ ಹಿಂಜಲು ಕಟ್ಟೀತು.

ಬಗ್ಗಡ_240: ಸಂಪಿನ ಮೂಲೆಯಲ್ಲಿ ಬೆರಳು ದಪ್ಪ ಕೆಸರಿತ್ತು, ಜಾಡಿಯಲ್ಲೂ ಗಸಿ ನಿಂತಿತು. ಸಂಪಿಗೆ ಕಲಕುವ ಮೋಟರ್ ಹಾಕಿ ಆರ್‌ಒ ನೀರಲ್ಲಿ ಓಡಿಸಿದಾಗ ಅರ್ಧವಾಗಲು 3 ಗಂಟೆ 20 ನಿಮಿಷ. ಹಾಳೆ ಮುಚ್ಚಿದಾಗ ಅಷ್ಟೇ ಹೊತ್ತಿಗೆ ಇಳಿದದ್ದು ಗಮನಕ್ಕೇ ಬರಲಿಲ್ಲ. ಆದರೆ ಅದೇ ಮರಳಿಗೆ ಎರಡನೇ ಸಲ 48 ಗ್ರಾಂ ಹಾಕಿದರೆ 4 ಗಂಟೆಗೂ ಅರ್ಧವಾಗಲಿಲ್ಲ?

ಗಸಿಪಾತ್ರೆ: ಮೇಲಿನ ಸಂದಿಗಳು ಕಟ್ಟಿಕೊಳ್ಳುತ್ತಿವೆ. ನೀರೊಯ್ಯುವ ಗುಣ ಬಿದ್ದರೆ ಒಳನುಗ್ಗುವಿಕೆ ಅಷ್ಟೇ ಬೀಳುತ್ತದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಹಿಂದಿನ ಮರಳಿಗೆ ಆಗುವುದೂ ಇದೇ ಜಾತಿಯದ್ದು. ಖಚಿತಪಡಿಸಿಕೊಳ್ಳಲು 25 ಮಿ.ಮೀ. ಪೈಪನ್ನು ಏರುಮುಖದಲ್ಲಿ ಒತ್ತಿ ಮರಳು ತೆಗೆದು, 1 ಸೆಂ.ಮೀ. ಬಿಲ್ಲೆಗಳಾಗಿ ಕೊಯ್ದು, ತೊಳೆದು, ತೊಳೆದ ನೀರು ಆರಿಸಿ ತೂಗಿ. ಮೇಲಿನ ಬಿಲ್ಲೆಗಳೇ ಭಾರವಿರಬೇಕು.

ಪ್ರತಿ ಓಟಕ್ಕೂ ಮರಳು ಪೂರ್ತಿ ತೊಳೆಯಿರಿ, ತೊಳೆದ ನೀರಿನ ಓದು 5 ಎನ್‌ಟಿಯುಗೆ (ಬಗ್ಗಡದ ಅಳತೆಮಾನ) ಇಳಿಯುವ ತನಕ. ತುಂಬುವಾಗ ಮೊದಲು ನೀರು, ಆಮೇಲೆ ಮರಳು. ಒಣ ಮರಳ ಮೇಲೆ ನೀರು ಹೊಯ್ದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಎರಡು ಓಟಗಳ ಲೆಕ್ಕ ತಾಳೆಯಾಗುವುದಿಲ್ಲ.