ಟೆಲಿಸ್ಕೋಪ್ ಇಲ್ಲದೆ ಖಗೋಳ ಕ್ಲಬ್ ಸೇರಬಹುದೇ?

ಆರಿದ್ರಾ:
ಹತ್ತಿರದ ಹವ್ಯಾಸಿ ಖಗೋಳ ಕ್ಲಬ್ ಸೇರಬೇಕೆಂದಿದ್ದೇನೆ. ನಕ್ಷತ್ರಪುಂಜಗಳನ್ನು ಅಷ್ಟಿಷ್ಟು ಗುರುತಿಸಬಲ್ಲೆ, ಟೆಲಿಸ್ಕೋಪ್ ಇಲ್ಲ. 70 ಮಿ.ಮೀ. ವ್ಯಾಸದ್ದೊಂದು ‘525 ಪಟ್ಟು’ ಎಂಬ ಜಾಹೀರಾತಿನೊಡನೆ ಸಿಗುತ್ತಿದೆ. ಕೊಂಡುಬಿಡಲೇ? ಮೊದಲ ರಾತ್ರಿಗೆ ಏನೇನು ಬೇಕು?

ಮಖೆ:
ಈಗಲೇ ಕೊಳ್ಳಬೇಡಿ. ಆ 525 ಹುಟ್ಟುವುದು ಹೀಗೆ: ನಾಭಿದೂರ 700 ಮಿ.ಮೀ. ಇದ್ದು, 4 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 700 ಭಾಗಿಸು 4, ಅಂದರೆ 175 ಪಟ್ಟು. ಮೇಲೊಂದು 3 ಪಟ್ಟಿನ ಬಾರ್ಲೋ (ವರ್ಧನೆ ಹೆಚ್ಚಿಸುವ ಹೆಚ್ಚುವರಿ ಮಸೂರ) ಸೇರಿಸಿದರೆ 525. ಆದರೆ ಪ್ರತಿ ಮಿ.ಮೀ. ವ್ಯಾಸಕ್ಕೆ 2 ಪಟ್ಟು ಎಂಬುದೇ ಹೆಚ್ಚುಕಡಿಮೆ ಮೇಲ್ಮಿತಿ, ಅಂದರೆ 140. ಅದರಾಚೆ ಬಿಂಬ ಹಿಗ್ಗಿ ಮಸುಕಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ. ಇಂಥವುಗಳ ಜೊತೆ ಬರುವ ಟ್ರೈಪಾಡ್ ಕೂಡ ಬಹುಪಾಲು ಸಣಕಲು, ಫೋಕಸ್ ತಿರುಗಿಸಿದರೆ ಸಾಕು, ಗುರು ಗ್ರಹ ಕುಣಿಯುತ್ತದೆ.

ಕ್ಲಬ್ಬಿನಲ್ಲಿ 6 ಇಂಚಿನ, 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್; ಇಂಚು ಕನ್ನಡಿಯ ವ್ಯಾಸ) ಇದ್ದರೆ ಎರಡರಲ್ಲೂ ಒಂದೇ ವಸ್ತುವನ್ನು ನೋಡಿ. ಮಾಲೀಕರನ್ನು ಕೇಳಿ ಎತ್ತಿಯೂ ನೋಡಿ. 8 ಇಂಚಿನದು 20 ಕೆ.ಜಿ. ಆಸುಪಾಸು ತೂಗುತ್ತದೆ; ಹೊರಗೆ ಸಾಗಿಸಲಾಗದ ಟೆಲಿಸ್ಕೋಪ್ ಮೂಲೆ ಸೇರುತ್ತದೆ.

ಸ್ವಾತಿ:
ಗೆಲಾಕ್ಸಿ, ನೀಹಾರಿಕೆ ನೋಡಬೇಕಾದರೆ ಅಮಾವಾಸ್ಯೆಯ ಹಿಂದುಮುಂದಿನ ರಾತ್ರಿ ಹೋಗಿ. ಚಂದ್ರನ ಕುಳಿಗಳಿಗೆ ಶುಕ್ಲಪಕ್ಷದ ಅಷ್ಟಮಿ ಚೆನ್ನ. ಹುಣ್ಣಿಮೆಯಂದು ನೆರಳು ಬೀಳದೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ.

ಮುಖ್ಯ ವಿಷಯ ಬೆಳಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಒಂದು ಹೆಡ್‌ಲೈಟ್ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ, ಅಲ್ಲಿರುವ ಎಲ್ಲರಿಗೂ. ಆದ್ದರಿಂದ ಕತ್ತಲಾಗುವ ಮೊದಲೇ ತಲುಪಿ. ಟಾರ್ಚಿಗೆ ಕೆಂಪು ಸೆಲ್ಲೋಫೇನ್ ಎರಡು ಮೂರು ಪದರ ಕಟ್ಟಿ. ಇರುಳಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕಡುಗೆಂಪು ಅಷ್ಟಾಗಿ ತಾಗುವುದಿಲ್ಲ, ಆದರೂ ಮಂದವಾಗಿರಲಿ. ಫೋನ್ ಜೇಬಿನಲ್ಲೇ ಇರಲಿ.

ಐಪೀಸಿಗೆ ಕಣ್ಣಿಡುವಾಗ ಕೊಳವೆ ಹಿಡಿಯಬೇಡಿ. ಮಸುಕಾದ ವಸ್ತುವನ್ನು ನೇರ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿ, ಆಗ ಮೂಡಿಬರುತ್ತದೆ. ದೂರದೃಷ್ಟಿ, ಸಮೀಪದೃಷ್ಟಿಯ ಕನ್ನಡಕ ತೆಗೆದು ಫೋಕಸ್ ಸರಿಮಾಡಿಕೊಳ್ಳಬಹುದು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ವಕ್ರತೆ ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ) ಹೆಚ್ಚಿದ್ದರೆ ತೆಗೆಯಬೇಡಿ, ಅದು ಫೋಕಸ್‌ನಿಂದ ಸರಿಹೋಗುವುದಿಲ್ಲ.

ಆರಿದ್ರಾ:
ಇಬ್ಬರಿಗೂ ಧನ್ಯವಾದ. ಮನೆಯಲ್ಲಿ 10x50 ಬೈನಾಕ್ಯುಲರ್ ಇದೆ, ತರಲೇ?

ಮಖೆ:
ಖಂಡಿತ ತನ್ನಿ. ಕೃತ್ತಿಕೆಯಂಥ ಹರಡಿದ ಗುಚ್ಛ ಅದರಲ್ಲೇ ಚೆಂದ, ಬಹಳಷ್ಟು ಟೆಲಿಸ್ಕೋಪಿನ ನೋಟದೊಳಗೆ ಅದು ಪೂರ್ತಿ ಹಿಡಿಯುವುದೇ ಇಲ್ಲ. ಆಂಡ್ರೊಮಿಡಾ ಗೆಲಾಕ್ಸಿಯೂ ಸಿಗುತ್ತದೆ. ಕೈ ನಡುಗಿದರೆ ಒರಗುಕುರ್ಚಿಯಲ್ಲಿ ಮೊಣಕೈ ಊರಿ ನೋಡಿ. ಬೆಚ್ಚನೆಯ ಬಟ್ಟೆ ಮರೆಯಬೇಡಿ. ಹಸಿರು ಲೇಸರ್ ಇದ್ದರೆ ಕೇಳದೆ ಹಚ್ಚಬೇಡಿ, ಪಕ್ಕದಲ್ಲಿ ಫೋಟೋ ತೆಗೆಯುತ್ತಿರುವವರ ಚಿತ್ರ ಹಾಳಾಗುತ್ತದೆ, ವಿಮಾನದತ್ತವಂತೂ ತೋರಿಸಲೇಬಾರದು. ಸದಸ್ಯರಿಗೆ ಟೆಲಿಸ್ಕೋಪ್ ಎರವಲು ಕೊಡುತ್ತಾರೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ, ಕೆಲವು ಕ್ಲಬ್‌ಗಳಲ್ಲಿ ಆ ಅನುಕೂಲ ಇರುತ್ತದೆ.