ಫ್ರಾನ್ಸಿನಲ್ಲಿ ಬೇಸಿಗೆ ಅಧ್ಯಯನ ಕಾರ್ಯಕ್ರಮ: ಬೋಧಕರೂ ಸಲಹೆಗಾರರೂ ಹೊಣೆಯನ್ನು ಹೇಗೆ ಹಂಚಿಕೊಳ್ಳಬೇಕು?

ಪ್ರಶ್ನೆ: ಫ್ರೆಂಚ್_ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸುವ ನನಗೆ, ಬರುವ ಜೂನ್ ಕೊನೆಯ ವಾರದಿಂದ ಜುಲೈ ಕೊನೆಯವರೆಗೆ ಇಪ್ಪತ್ತು ವಿದ್ಯಾರ್ಥಿಗಳ ತಂಡವನ್ನು ಫ್ರಾನ್ಸಿನ ತೂರ್ ನಗರಕ್ಕೆ ಕರೆದೊಯ್ಯುವ ಹೊಣೆ ಬಂದಿದೆ. ಸಲಹೆಗಾರರಾಗಿ ನಮ್ಮ ಕಾಲೇಜಿನ ಇನ್ನೊಬ್ಬ ಅಧ್ಯಾಪಕರು ಜೊತೆಗೆ ಬರುತ್ತಾರೆ. ಅವರಿಗೆ ವ್ಯವಹಾರಕ್ಕೆ ಸಾಕಾಗುವಷ್ಟು ಫ್ರೆಂಚ್ ಬರುತ್ತದೆ, ಆದರೆ ಅವರು ಭಾಷೆ ಕಲಿಸುವವರಲ್ಲ.

ಬೆಳಗಿನ ತರಗತಿಗಳನ್ನು ಅಲ್ಲಿನ ಭಾಷಾ ಸಂಸ್ಥೆಯ ಶಿಕ್ಷಕರೇ ನಡೆಸುತ್ತಾರೆ. ವಾರಕ್ಕೆ ಮೂರು ಮಧ್ಯಾಹ್ನ ಫ್ರಾನ್ಸಿನ ಇತಿಹಾಸ ಮತ್ತು ಸಂಸ್ಕೃತಿಯ ಪಾಠ ನನ್ನದು. ಅದಕ್ಕೆ ಅಂಕ ಕೊಡುವವಳೂ ನಾನೇ. ವಿದ್ಯಾರ್ಥಿಗಳು ಹತ್ತೊಂಬತ್ತರಿಂದ ಇಪ್ಪತ್ತೊಂದು ವರ್ಷದವರು. ಆತಿಥೇಯ ಕುಟುಂಬಗಳಲ್ಲಿ ಮನೆಗೆ ಇಬ್ಬರಂತೆ ಉಳಿದುಕೊಳ್ಳುತ್ತಾರೆ, ಬೆಳಗಿನ ಉಪಾಹಾರ ಮತ್ತು ರಾತ್ರಿ ಊಟ ಆ ಮನೆಗಳಲ್ಲೇ ಆಗುತ್ತದೆ.

ನನ್ನ ಗೊಂದಲ ಇಷ್ಟು. ಪಾಠ, ಹಾಜರಿ ಮತ್ತು ಅಂಕ ನನ್ನ ಕೈಯಲ್ಲಿರುವಾಗ, ಆರೋಗ್ಯ, ಮನೆಯ ತಕರಾರು, ತಡರಾತ್ರಿಯ ಕರೆ ಇವೆಲ್ಲವೂ ಸಲಹೆಗಾರರ ಪಾಲಿಗೇ ಹೋಗಬೇಕೆ, ಅಥವಾ ಇಬ್ಬರೂ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವುದು ಮೇಲೆ? ವಯಸ್ಕರೇ ಆದ ಈ ಮಕ್ಕಳಿಗೆ ವಾರಾಂತ್ಯದಲ್ಲಿ ಎಷ್ಟರ ಮಟ್ಟಿಗೆ ಸ್ವಾತಂತ್ರ್ಯ ಕೊಡಬಹುದು? ಇಂತಹ ತಂಡಗಳನ್ನು ಮುನ್ನಡೆಸಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಲ್ವಾರ್_ದಂಡೆ

ಮೇಡಂ, ನಾನು ಇಂತಹ ತಂಡಗಳಲ್ಲಿ ಸಲಹೆಗಾರನಾಗಿಯೇ ಕೆಲಸ ಮಾಡಿದವನು. ಆದ್ದರಿಂದ ಆ ಕಡೆಯಿಂದಲೇ ಹೇಳುತ್ತೇನೆ. ಅಂಕ ಕೊಡುವ ಕೈಗೂ ರಾತ್ರಿ ಕರೆ ಸ್ವೀಕರಿಸುವ ಫೋನಿಗೂ ಸಂಬಂಧ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಜರಿ ಹಾಕುವವರ ಬಳಿ ಯಾವ ವಿದ್ಯಾರ್ಥಿಯೂ "ನನಗೆ ಮೂರು ರಾತ್ರಿಯಿಂದ ನಿದ್ದೆ ಬಂದಿಲ್ಲ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅದನ್ನು ತರಗತಿ ತಪ್ಪಿಸಲು ಹೂಡಿದ ನೆಪವೆಂದು ತಿಳಿದಾರು ಎಂಬ ಅಳುಕು ಅವರಿಗಿರುತ್ತದೆ. ಅದೇ ಮಾತನ್ನು ಅಂಕಪಟ್ಟಿಗೆ ಸಂಬಂಧವೇ ಇಲ್ಲದ ಇನ್ನೊಬ್ಬರ ಬಳಿ ನಿಸ್ಸಂಕೋಚವಾಗಿ ಹೇಳಿಕೊಳ್ಳುತ್ತಾರೆ.

ಆದರೆ ಈ ಹಂಚಿಕೆ ಬಾಯಿಮಾತಿನಲ್ಲಿ ಉಳಿಯಬಾರದು. ಹೊರಡುವ ಮೊದಲೇ ಬರವಣಿಗೆಯಲ್ಲಿ ಇಟ್ಟುಕೊಂಡು, ವಿದ್ಯಾರ್ಥಿಗಳಿಗೂ ಪೋಷಕರಿಗೂ ಓದಿ ಹೇಳಿ. ಮುಖ್ಯವಾಗಿ, ಸಲಹೆಗಾರರು ಯಾವುದನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ, ಯಾವುದನ್ನು ಬೋಧಕರಿಗೆ ತಿಳಿಸಲೇಬೇಕು ಎಂಬ ಗೆರೆಯನ್ನು ಆ ಪತ್ರದಲ್ಲೇ ಎಳೆಯಬೇಕು. ಮನೆಯ ನೆನಪು, ಗೆಳೆಯರ ನಡುವಿನ ಮುನಿಸು, ಹಣದ ಅಡಚಣೆ ಸಲಹೆಗಾರರಲ್ಲೇ ಉಳಿಯಲಿ. ಆಸ್ಪತ್ರೆ, ಪೊಲೀಸ್, ಕಿರುಕುಳ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಇಬ್ಬರಿಗೂ ತಕ್ಷಣ ಗೊತ್ತಾಗಬೇಕು. ಈ ಗೆರೆ ಮೊದಲೇ ತಿಳಿದಿದ್ದರೆ, ನಂಬಿ ಹೇಳಿದ ಮಾತು ಹೊರಗೆ ಹೋಯಿತೆಂದು ಮುಂದೆ ಯಾವ ವಿದ್ಯಾರ್ಥಿಯೂ ನೊಂದುಕೊಳ್ಳುವುದಿಲ್ಲ.

ಸಲಹೆಗಾರರ ಕೆಲಸ ಅತಿ ಹೆಚ್ಚು ಬೀಳುವುದು ಮೊದಲ ವಾರದಲ್ಲಿ, ಅದರಲ್ಲೂ ಮೊದಲ ದಿನ. ಪ್ಯಾರಿಸಿನ ಮೋಂಪಾರ್ನಾಸ್ ನಿಲ್ದಾಣದಿಂದ ಬರುವ ಟಿಜಿವಿ ಎಂಬ ಅತಿವೇಗದ ರೈಲುಗಳಲ್ಲಿ ಹಲವು ತೂರ್ ನಗರದೊಳಗೆ ಹೋಗದೆ ಪಕ್ಕದ ಸಾಂ-ಪಿಯೆರ್-ದೆ-ಕೋರ್ ನಿಲ್ದಾಣದಲ್ಲಿ ನಿಂತು ಮುಂದೆ ಸಾಗುತ್ತವೆ. ಅಲ್ಲಿಂದ ತೂರ್‌ಗೆ ಐದಾರು ನಿಮಿಷದ ಇನ್ನೊಂದು ರೈಲು ಹಿಡಿಯಬೇಕು. ನಿಲುಗಡೆ ಕೆಲವೇ ನಿಮಿಷಗಳದ್ದು, ಮೆಟ್ಟಿಲು ಕಿರಿದು, ಪೆಟ್ಟಿಗೆಗಳು ಬೋಗಿಯ ಎರಡೂ ತುದಿಯ ಕಪಾಟುಗಳಲ್ಲಿ ಹಂಚಿಹೋಗಿರುತ್ತವೆ, ರಾತ್ರಿಯೆಲ್ಲ ವಿಮಾನದಲ್ಲಿ ಕುಳಿತು ಬಂದವರು ನಿದ್ದೆಗಣ್ಣಿನಲ್ಲಿರುತ್ತಾರೆ. ನಿಲ್ದಾಣ ಬರುವ ಹತ್ತು ನಿಮಿಷ ಮೊದಲೇ ಎಲ್ಲರನ್ನೂ ಎಬ್ಬಿಸಿ, ನಾಲ್ವರು ಗಟ್ಟಿಗರನ್ನು ಬಾಗಿಲ ಬಳಿ ನಿಲ್ಲಿಸಿ, ಸಲಹೆಗಾರರು ಮೊದಲು ಇಳಿದು ಎಣಿಸುತ್ತ, ಬೋಧಕರು ಕಟ್ಟಕಡೆಗೆ ಇಳಿಯುವ ಏರ್ಪಾಡು ಮಾಡಿಕೊಳ್ಳಿ. ಪ್ರತಿ ಪೆಟ್ಟಿಗೆಯ ಮೇಲೂ ಪ್ರಯಾಣಿಕರ ಹೆಸರಿನ ಚೀಟಿ ಇರಬೇಕೆಂಬುದು ಅಲ್ಲಿನ ರೈಲ್ವೆಯ ನಿಯಮ. ಅದನ್ನು ಊರು ಬಿಡುವ ಮೊದಲೇ ಕಟ್ಟಿಸಿಬಿಡಿ.

ಆತಿಥೇಯ ಕುಟುಂಬಗಳ ವಿಷಯದಲ್ಲಿ ತಕರಾರು ಹುಟ್ಟುವುದು ಬಹುಮಟ್ಟಿಗೆ ಊಟದಿಂದ. ಅರ್ಜಿಯಲ್ಲಿ ಬರೀ "ಸಸ್ಯಾಹಾರಿ" ಎಂದು ಬರೆದರೆ ಸಾಲದು. ಮೀನು ತಿನ್ನುವುದಿಲ್ಲ, ಮಾಂಸದ ಸಾರು ಬೆರೆತ ಸೂಪ್ ಆಗುವುದಿಲ್ಲ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಒಂದೊಂದನ್ನೂ ಬಿಡಿಸಿ ಬರೆಸಿ. ಕೋಂಟೆಯಂತಹ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುತ್ತಾರೆ ಎಂಬುದನ್ನು ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಮೊದಲೇ ತಿಳಿಸಿದರೆ ಊಟದ ಮೇಜಿನಲ್ಲಿ ಮುಜುಗರ ತಪ್ಪುತ್ತದೆ. ಮನೆ ಬದಲಿಸುವ ಬೇಡಿಕೆ ಬಂದಾಗ ಸಲಹೆಗಾರರು ನೇರವಾಗಿ ಆ ಕುಟುಂಬದವರೊಡನೆ ಮಾತಿಗೆ ಇಳಿಯದೆ, ಭಾಷಾ ಸಂಸ್ಥೆಯಲ್ಲಿ ವಸತಿ ನೋಡಿಕೊಳ್ಳುವವರ ಮೂಲಕವೇ ಹೋಗುವುದು ಒಳ್ಳೆಯದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತೂರ್ ನಗರದ ಮೂಲಕ ಹರಿಯುವ ಲ್ವಾರ್ ನದಿ ಬೇಸಿಗೆಯಲ್ಲಿ ಮರಳ ದಿಣ್ಣೆಗಳ ನಡುವೆ ಮೊಣಕಾಲುದ್ದದ ನೀರಿನಂತೆ ಕಾಣುತ್ತದೆ. ಆ ಮರಳು ಜಾಗ ಬದಲಿಸುತ್ತಿರುತ್ತದೆ, ಅದರ ಅಂಚಿನಲ್ಲಿ ಹಠಾತ್ತನೆ ಆಳ ಸಿಗುತ್ತದೆ, ಸೆಳೆತವೂ ಜೋರು. ನದಿಗೆ ಇಳಿಯಕೂಡದು ಎಂಬುದು ನಿಮ್ಮ ತಂಡದಲ್ಲಿ ವಿನಾಯಿತಿಯೇ ಇಲ್ಲದ ನಿಯಮವಾಗಿರಲಿ. ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಸಂಜೆಯೆಂದುಕೊಂಡು ದಂಡೆಯಲ್ಲಿ ಕುಳಿತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಉತ್ತರ 2: ಪಾಠದ_ಮೇಜು

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಇಬ್ಬರೇ ಹೋಗುವ ತಂಡದಲ್ಲಿ ಹೊಣೆಯನ್ನು ಅಷ್ಟು ನಿಚ್ಚಳವಾಗಿ ಬೇರ್ಪಡಿಸಲು ಆಗುವುದಿಲ್ಲ ಎಂಬುದನ್ನೂ ಸೇರಿಸಬೇಕಾಗಿದೆ. ಒಬ್ಬ ವಿದ್ಯಾರ್ಥಿಯ ಜೊತೆ ಸಲಹೆಗಾರರು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕುಳಿತರೆ, ಉಳಿದ ಹತ್ತೊಂಬತ್ತು ಮಂದಿಗೆ ಆ ಹೊತ್ತಿನ ಸಲಹೆಗಾರರು ನೀವೇ. ಆದ್ದರಿಂದ ತುರ್ತು ಸಂಖ್ಯೆಗಳು ಇಬ್ಬರಿಗೂ ಬಾಯಿಪಾಠವಾಗಿರಲಿ: ವೈದ್ಯಕೀಯ ನೆರವಿಗೆ 15, ಪೊಲೀಸರಿಗೆ 17, ಅಗ್ನಿಶಾಮಕ ದಳಕ್ಕೆ 18, ಯೂರೋಪಿನಾದ್ಯಂತ ನಡೆಯುವ ಸಾಮಾನ್ಯ ಸಂಖ್ಯೆ 112. ಮನಸ್ಸು ತೀರ ಕುಸಿದು ಬದುಕೇ ಬೇಡವೆನ್ನುವವರ ನೆರವಿಗೆ 3114 ಎಂಬ ರಾಷ್ಟ್ರೀಯ ಸಂಖ್ಯೆ 2021ರಿಂದ ಹಗಲೂ ರಾತ್ರಿ ಉಚಿತವಾಗಿ ಲಭ್ಯವಿದೆ.

ಇನ್ನು ಪಾಠದ ಮಾತು. ಮೊದಲ ಬೆಳಿಗ್ಗೆಯೇ ಸಂಸ್ಥೆಯವರು ಮಟ್ಟ ಗುರುತಿಸುವ ಪರೀಕ್ಷೆ ನಡೆಸಿ, ಆರಂಭದ ಎ1ರಿಂದ ಪರಿಣತರ ಸಿ2ರವರೆಗಿನ ಯೂರೋಪಿನ ಚೌಕಟ್ಟಿನಂತೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ತರಗತಿಗಳಿಗೆ ಹಂಚುತ್ತಾರೆ. ಕಾಲೇಜಿನಲ್ಲಿ ಮೊದಲ ಸ್ಥಾನದಲ್ಲಿದ್ದ ಹುಡುಗಿ ವ್ಯಾಕರಣದಲ್ಲಿ ಒಂದೂ ತಪ್ಪು ಮಾಡದೆ, ಮಾತನಾಡುವ ಭಾಗದಲ್ಲಿ ತಡವರಿಸಿ, ಎ2 ಪಟ್ಟಿಯಲ್ಲಿ ತನ್ನ ಹೆಸರು ಕಂಡು ಅಳುತ್ತ ಬರುವುದು ತೀರ ಸಾಮಾನ್ಯ. ಆಗ ಬೋಧಕರು ಸಂಸ್ಥೆಯವರ ಮೇಲೆ ಒತ್ತಡ ತಂದು ಅವಳನ್ನು ಮೇಲಿನ ತರಗತಿಗೆ ಏರಿಸಲು ಹೋಗಬಾರದು. ಎರಡು ದಿನ ಆ ತರಗತಿಯಲ್ಲಿ ಕೂರಲಿ, ಆಮೇಲೆ ಅಲ್ಲಿನ ಶಿಕ್ಷಕರೊಡನೆ ಮಾತನಾಡೋಣ ಎಂದು ಹೇಳಿ. ಮಾತು ಬಿಚ್ಚಿಕೊಂಡವರನ್ನು ಅವರೇ ಮೇಲಕ್ಕೆ ಕಳಿಸುತ್ತಾರೆ.

ಸಂಸ್ಥೆಯನ್ನು ಆರಿಸುವಾಗ ಅದಕ್ಕೆ "ಕಾಲಿತೆ ಎಫ್‌ಎಲ್‌ಇ" ಎಂಬ ಗುಣಮಟ್ಟದ ಮಾನ್ಯತೆ ಇದೆಯೇ ಎಂದು ನೋಡಿಕೊಂಡಿರುತ್ತೀರಿ ಎಂದು ನಂಬುತ್ತೇನೆ. ವಿದೇಶಿಯರಿಗೆ ಫ್ರೆಂಚ್ ಕಲಿಸುವ ಕೇಂದ್ರಗಳಿಗಾಗಿ ಅಲ್ಲಿನ ಸರ್ಕಾರ 2007ರಲ್ಲಿ ಇದನ್ನು ಜಾರಿಗೆ ತಂದಿತು. ಕೊನೆಯಲ್ಲಿ ಸಿಗುವ ಪ್ರಮಾಣಪತ್ರದಲ್ಲಿ ಮಟ್ಟದ ಜೊತೆ ಒಟ್ಟು ಪಾಠದ ಗಂಟೆಗಳೂ ನಮೂದಾಗಿರಬೇಕೆಂದು ಈಗಲೇ ಪತ್ರ ಬರೆಯಿರಿ. ಯೂರೋಪಿನ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ಒಟ್ಟು ದುಡಿಮೆ. ಗಂಟೆಗಳ ವಿವರ ಇಲ್ಲದಿದ್ದರೆ ನಿಮ್ಮ ಕಾಲೇಜಿನಲ್ಲಿ ಕ್ರೆಡಿಟ್ ಕೊಡಿಸುವುದು ಕಷ್ಟವಾಗುತ್ತದೆ.

ಮಧ್ಯಾಹ್ನದ ನಿಮ್ಮ ಪಾಠಗಳನ್ನು ಸಾಧ್ಯವಾದಷ್ಟೂ ಕೊಠಡಿಯ ಹೊರಗೆ ನಡೆಸಿ. ಬೆಳಿಗ್ಗೆಯೆಲ್ಲ ಪರಭಾಷೆಯಲ್ಲಿ ಕುಳಿತು ದಣಿದವರಿಗೆ ಮತ್ತೆರಡು ಗಂಟೆ ಉಪನ್ಯಾಸ ತಲೆಗೆ ಹತ್ತುವುದಿಲ್ಲ. ತೂರ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಅರ್ಧ ಗಂಟೆಗೆ ಶೆನೋನ್ಸೊ ಅರಮನೆ ಸಿಗುತ್ತದೆ. ಅಲ್ಲಿ ಶೆರ್ ನದಿಯ ಮೇಲೆ ಹದಿನಾರನೆಯ ಶತಮಾನದ ರಾಣಿ ಕಾತರೀನ್ ದ ಮೆದಿಚಿ ಕಟ್ಟಿಸಿದ ಉದ್ದನೆಯ ಪಡಸಾಲೆಯೊಂದರಲ್ಲೇ ಒಂದು ಮಧ್ಯಾಹ್ನದ ಪೂರ್ತಿ ಪಾಠವಿದೆ. ರಾಜಮನೆತನದ ಔತಣಗಳು ನಡೆದ ಆ ಪಡಸಾಲೆ ಮೊದಲ ಮಹಾಯುದ್ಧದಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. 1940ರಲ್ಲಿ ಜರ್ಮನರು ಆಕ್ರಮಿಸಿದ ಪ್ರದೇಶಕ್ಕೂ ಉಳಿದ ಪ್ರದೇಶಕ್ಕೂ ನಡುವಿನ ಗಡಿ ಇದೇ ನದಿಯ ಮೇಲೆ ಹಾದುಹೋದಾಗ, ಅರಮನೆಯ ಮುಂಬಾಗಿಲು ಒಂದು ಕಡೆಗೆ, ಪಡಸಾಲೆಯ ದಕ್ಷಿಣದ ಬಾಗಿಲು ಇನ್ನೊಂದು ಕಡೆಗೆ ತೆರೆಯುತ್ತಿತ್ತು. ಇದನ್ನು ನೀವೇ ವಿವರಿಸಬೇಡಿ. ಪಡಸಾಲೆಯ ಒಂದೊಂದು ಕಾಲಘಟ್ಟವನ್ನು ಇಬ್ಬಿಬ್ಬರಿಗೆ ಹಂಚಿ, ಆ ಕಿಟಕಿಗಳ ನಡುವೆ ನಿಂತು ಐದೈದು ನಿಮಿಷ ಫ್ರೆಂಚಿನಲ್ಲಿ ಅವರೇ ಮಾತನಾಡಲಿ, ಅಂಕವೂ ಅದಕ್ಕೇ ಸಲ್ಲಲಿ. ಅಂತಹ ದಿನ ಸಲಹೆಗಾರರು ಕೇಳುಗರಾಗಿ ಮಾತ್ರ ಇರಬೇಕು, ಮೌಲ್ಯಮಾಪನದಲ್ಲಿ ಅವರ ಅಭಿಪ್ರಾಯ ಕೇಳಬಾರದು. ಉತ್ತರ 1ರಲ್ಲಿ ಹೇಳಿರುವ ನಂಬಿಕೆ ಉಳಿಯುವುದು ಇಂತಹ ಸಣ್ಣ ಎಚ್ಚರಗಳಿಂದಲೇ.

ಉತ್ತರ 3: ಕಾಗದಪತ್ರ

ನಾನು ಪಾಠ ಮಾಡುವವನಲ್ಲ, ತಂಡಗಳ ಕಾಗದಪತ್ರ ನೋಡಿಕೊಳ್ಳುವವನು. ತೊಂಬತ್ತು ದಿನದೊಳಗಿನ ವಾಸ್ತವ್ಯವಾದ್ದರಿಂದ ಅಲ್ಪಾವಧಿಯ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಾಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೂ ಸಲ್ಲಿಸಬಹುದು. ಬೇಸಿಗೆಯ ನೂಕುನುಗ್ಗಲಿನಲ್ಲಿ ಇಪ್ಪತ್ತೆರಡು ಮಂದಿಗೆ ಹತ್ತಿರ ಹತ್ತಿರದ ದಿನಾಂಕಗಳು ಸಿಗಬೇಕಾದರೆ ತಡಮಾಡಬೇಡಿ. ಅಧ್ಯಯನಕ್ಕಾಗಿ ಹೋಗುವ ವಿದ್ಯಾರ್ಥಿಗಳಿಗೂ ಅವರ ಜೊತೆ ಹೋಗುವ ಅಧ್ಯಾಪಕರಿಗೂ ಷೆಂಗೆನ್ ನಿಯಮಾವಳಿಯಲ್ಲಿ ವೀಸಾ ಶುಲ್ಕದ ವಿನಾಯಿತಿ ಇದೆ. ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾಶುಲ್ಕ ಬೇರೆ. ಸಂಸ್ಥೆಯ ಪ್ರವೇಶಪತ್ರದಲ್ಲಿ ನಿಮ್ಮಿಬ್ಬರ ಹೆಸರೂ ಹುದ್ದೆಯ ಸಮೇತ ಇರುವಂತೆ ನೋಡಿಕೊಳ್ಳಿ. ಪ್ರಯಾಣ ವಿಮೆಯ ವೈದ್ಯಕೀಯ ರಕ್ಷಣೆ ಕನಿಷ್ಠ 30,000 ಯೂರೊ ಇರಲೇಬೇಕು.

2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. ಮೊದಲ ಸಲ ಹೋಗುವವರಿಗೆ ಇದು ಹೊತ್ತು ಹಿಡಿಯುತ್ತದೆ. ವಿಮಾನ ಇಳಿದ ಒಂದೂವರೆ ಗಂಟೆಗೇ ಹೊರಡುವ ರೈಲಿಗೆ ಇಪ್ಪತ್ತೆರಡು ಟಿಕೆಟ್ ಮಾಡಿಸಬೇಡಿ.

ವೈದ್ಯರನ್ನು ಕಂಡಾಗ ಮೊದಲು ಕೈಯಿಂದ ಹಣ ಕೊಟ್ಟು, ಆಮೇಲೆ ವಿಮೆಯವರಿಂದ ಪಡೆಯಬೇಕಾಗುತ್ತದೆ. ಸಾಮಾನ್ಯ ವೈದ್ಯರ ನಿಗದಿತ ದರ 2024ರ ಡಿಸೆಂಬರ್‌ನಿಂದ 30 ಯೂರೊ. ರಸೀದಿ ಮತ್ತು ಔಷಧದ ಚೀಟಿ ಎರಡನ್ನೂ ಸಲಹೆಗಾರರು ಅದೇ ದಿನ ಫೋಟೊ ತೆಗೆದು ಇಟ್ಟುಕೊಳ್ಳಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು, ನಂತರ ಪ್ಯಾರಿಸಿನ ಭಾರತೀಯ ರಾಯಭಾರ ಕಚೇರಿ. ದಕ್ಷಿಣ ಫ್ರಾನ್ಸಿನಲ್ಲಿ ತಂಡ ನಡೆಸುವವರಿಗೆ 2025ರ ಫೆಬ್ರುವರಿಯಲ್ಲಿ ಮಾರ್ಸೇಯ್‌ನಲ್ಲಿ ಉದ್ಘಾಟನೆಯಾದ ಭಾರತೀಯ ಕಾನ್ಸುಲೇಟ್ ಇದೆ.

ಬಿಸಿಲಿನ ಬಗ್ಗೆಯೂ ಎಚ್ಚರ ಬೇಕು. ನಮ್ಮವರು ಸೆಕೆಗೆ ಒಗ್ಗಿದವರೆಂದು ಉದಾಸೀನ ಮಾಡುವುದನ್ನು ಕಂಡಿದ್ದೇನೆ. 2019ರ ಜೂನ್ 28ರಂದು ಎರೋ ಜಿಲ್ಲೆಯ ವೆರಾರ್ಗ್‌ನಲ್ಲಿ 46 ಡಿಗ್ರಿ, ಅದೇ ಜುಲೈನಲ್ಲಿ ಪ್ಯಾರಿಸಿನಲ್ಲಿ 42.6 ಡಿಗ್ರಿ ದಾಖಲಾಗಿದೆ. ಬಹಳಷ್ಟು ಮನೆಗಳಲ್ಲಿ ಏಸಿ ಇರಲಿ, ಫ್ಯಾನೂ ಇರುವುದಿಲ್ಲ. ಮನೆಯವರು ಹಗಲು ಕಿಟಕಿಯ ಹೊರಬಾಗಿಲು ಮುಚ್ಚಿ ಕತ್ತಲು ಮಾಡಿದರೆ ಅದು ಬಿಸಿಲಿಗೆ ತಡೆ, ಮಕ್ಕಳು ಅದನ್ನು ತೆರೆಯಬಾರದು. ಅಲ್ಲಿನ ಹವಾಮಾನ ಸಂಸ್ಥೆಯಾದ ಮೆತೆಯೊ-ಫ್ರಾನ್ಸ್ ಪ್ರಕಟಿಸುವ ಎಚ್ಚರಿಕೆಯ ನಕ್ಷೆಯನ್ನು ಪ್ರತಿ ಸಂಜೆ ನೋಡಿ, ಕಿತ್ತಳೆ ಅಥವಾ ಕೆಂಪು ಬಣ್ಣ ಬಂದ ದಿನ ಹೊರಗಿನ ಪಾಠ ರದ್ದುಮಾಡುವ ಅಧಿಕಾರ ಸಲಹೆಗಾರರದ್ದೇ ಎಂದು ಬರೆದಿಡಿ.

ಮರುಪ್ರಶ್ನೆ: ಫ್ರೆಂಚ್_ಅಧ್ಯಾಪಕಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೊಣೆಗಾರಿಕೆಯ ಪತ್ರವನ್ನು ಸಹೋದ್ಯೋಗಿಯೊಡನೆ ಕುಳಿತು ಈ ವಾರವೇ ಸಿದ್ಧಪಡಿಸುತ್ತೇನೆ. ವಾರಾಂತ್ಯದ ಪ್ರಶ್ನೆಯೊಂದು ಉಳಿದಿದೆ. ಕೆಲವರು ಜುಲೈ 14ರ ರಾಷ್ಟ್ರೀಯ ಹಬ್ಬಕ್ಕೆ ತಾವೇ ಪ್ಯಾರಿಸಿಗೆ ಹೋಗಿಬರುತ್ತೇವೆ ಎನ್ನುತ್ತಿದ್ದಾರೆ, ಇಬ್ಬರು ಲಂಡನ್ ನೋಡುವ ಆಸೆಯಲ್ಲಿದ್ದಾರೆ. ಬೇಡವೆನ್ನಲು ಮನಸ್ಸು ಬರುತ್ತಿಲ್ಲ.

ಉತ್ತರ: ಲ್ವಾರ್_ದಂಡೆ

ಲಂಡನ್‌ಗೆ ಬೇಡವೆಂದೇ ಹೇಳಿ, ಮೇಡಂ. ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು. ಅದಿದ್ದರೂ, ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಹೊರಗೆ ಹೋದವರು ಮರಳಿ ಫ್ರಾನ್ಸಿಗೆ ಬರಲಾಗುವುದಿಲ್ಲ.

ಪ್ಯಾರಿಸಿಗೆ ಕಳಿಸಬಹುದು, ಒಬ್ಬೊಬ್ಬರಾಗಿ ಅಲ್ಲ, ಕನಿಷ್ಠ ಮೂವರ ಗುಂಪಾಗಿ. ಹೊರಡುವ ಮೊದಲು ಉಳಿಯುವ ವಿಳಾಸ, ರೈಲಿನ ಸಂಖ್ಯೆ, ಮರಳುವ ಹೊತ್ತು ಮೂರನ್ನೂ ಸಲಹೆಗಾರರಿಗೆ ಬರೆದುಕೊಡಬೇಕು. ಊಟಕ್ಕೆ ಇರುವುದಿಲ್ಲವೆಂದು ಆತಿಥೇಯ ಕುಟುಂಬಕ್ಕೂ ಮುಂಚಿತವಾಗಿ ತಿಳಿಸಬೇಕು. ಟಿಜಿವಿಯಲ್ಲಿ ಆಸನ ಕಾದಿರಿಸದೆ ಹತ್ತುವಂತಿಲ್ಲ, ಹಬ್ಬದ ಹೊತ್ತಿಗೆ ಆಸನಗಳು ಬೇಗ ಮುಗಿಯುತ್ತವೆ. ಹಾಗಾಗಿ ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟನ್ನೂ ಮಾಡಿಸಿದವರಿಗೆ ಮಾತ್ರ ಅನುಮತಿ ಕೊಡಿ. ಐಫೆಲ್ ಗೋಪುರದ ಬಳಿ ಪಟಾಕಿ ಪ್ರದರ್ಶನ ಮುಗಿದ ಮೇಲೆ ಸುತ್ತಲಿನ ಮೆಟ್ರೊ ನಿಲ್ದಾಣಗಳಲ್ಲಿ ಕೆಲವನ್ನು ಮುಚ್ಚಿರುತ್ತಾರೆ, ಜನಜಂಗುಳಿಯಲ್ಲಿ ಫೋನ್ ಸಂಪರ್ಕವೂ ಸರಿಯಾಗಿ ಸಿಗುವುದಿಲ್ಲ. ಕೈತಪ್ಪಿಹೋದರೆ ಎಲ್ಲಿ ಸೇರಬೇಕೆಂದು ಗೋಪುರದಿಂದ ದೂರದ ಒಂದು ಜಾಗವನ್ನು ಹಗಲಿನಲ್ಲೇ ನೋಡಿ ಗೊತ್ತುಮಾಡಿಕೊಳ್ಳಲು ಹೇಳಿ. ಆ ರಾತ್ರಿ ಸಲಹೆಗಾರರ ಫೋನ್ ಅವರ ಕೈಯಲ್ಲೇ ಇರಲಿ, ಮರುದಿನ ಬೆಳಗಿನ ಹಾಜರಿ ಎಂದಿನಂತೆ ನಿಮ್ಮದು.