ಮಗಳಿಗೆ ಮೊಗ್ಗಿನ ಜಡೆ: ನಿಜವಾದ ಮೊಗ್ಗೋ, ರೆಡಿಮೇಡೋ?

ತುಮಕೂರಿನ ತಾಯಿ: ನಾಲ್ಕನೇ ಕ್ಲಾಸಿನ ಮಗಳು ನನ್ನ 1986ರ ಫೋಟೊ ನೋಡಿ ತನಗೂ ಮೊಗ್ಗಿನ ಜಡೆ ಬೇಕೇಬೇಕು ಅಂತ ಹಠ ಹಿಡಿದಿದ್ದಾಳೆ. ಕೂದಲು ಭುಜದವರೆಗೆ ಅಷ್ಟೇ. ಮೊಗ್ಗು ತಂದು ಹಾಕಿಸೋದಾ, ರೆಡಿಮೇಡ್ ಸಾಕಾ? ಅನುಭವ ಇದ್ದವರು ಹೇಳಿ.

ಮೈಸೂರಿನವಳು: ರೆಡಿಮೇಡ್ ಮಾತೇ ಬೇಡ. 1984ರ ಬೇಸಿಗೆ ರಜೆಯಲ್ಲಿ ಸೋದರತ್ತೆ ನನಗೆ ಹಾಕಿದ್ದು ಇನ್ನೂ ಕಣ್ಣಲ್ಲಿದೆ. ಬೆಳಿಗ್ಗೆ ಆರಕ್ಕೇ ದೇವರಾಜ ಮಾರ್ಕೆಟ್ಟಿಂದ ಬಿಗಿಮೊಗ್ಗು ತಂದು, ಒದ್ದೆ ಬಟ್ಟೇಲಿ ಸುತ್ತಿಟ್ಟು, ಒಂದೇ ಅಳತೆಯವನ್ನ ಆರಿಸಿ ಬಾಳೆಪಟ್ಟೆ ಮೇಲೆ ಸಾಲುಸಾಲಾಗಿ ಹೊಲಿದರು. ನಡುವೆ ಕನಕಾಂಬರ, ಅಂಚಿಗೆ ಜರಿ, ತುದಿಗೆ ಕುಚ್ಚು. ಕತ್ತು ಅಲ್ಲಾಡಿಸದೆ ನಾಲ್ಕು ಗಂಟೆ ಕೂತಿದ್ದೆ. ಸಂಜೆ ಮೊಗ್ಗು ಬಿರಿಯೋದರೊಳಗೆ ಸ್ಟುಡಿಯೋ ಸೇರಬೇಕು. ಹಿಂದೆ ಕನ್ನಡಿ ಇಟ್ಟು ಮುಖ, ಜಡೆ ಎರಡೂ ಬರೋ ಹಾಗೆ ತೆಗೆದ ಫೋಟೊ ನಮ್ಮ ಹಾಲ್‌ನಲ್ಲೇ ಇದೆ.

ದಾವಣಗೆರೆಯಿಂದ: ನಿಮಗೆ ಕೂದಲಿತ್ತು, ಹೇಳ್ತೀರಿ. ನನಗೆ ಹೇನಾಯ್ತು ಅಂತ ಬಾಯ್ ಕಟ್ ಮಾಡಿಸಿದ್ರು. ತಂಗಿಗೆ ಜಡೆ, ನನಗೆ ಹೇರ್ ಬ್ಯಾಂಡ್. ಅತ್ತೂ ಅತ್ತೂ ಸಾಕಾದ ಮೇಲೆ ಅಮ್ಮ ಚೌರಿ ಇಟ್ಟು, ಸಿಕ್ಕಲ್ಲೆಲ್ಲ ಪಿನ್ ಚುಚ್ಚಿ ಕಟ್ಟಿದಳು. ಮೊಗ್ಗಿನ ಭಾರಕ್ಕೆ ಆರತಿ ಹೊತ್ತಲ್ಲೇ ಕಳಚಿ ಬಿತ್ತು. ಮನೆ ತುಂಬ ನೆಂಟರು. ಆ ನಗು ಇವತ್ತಿಗೂ ಕಿವೀಲಿದೆ.

ಬೆಂಗಳೂರು, ಎರಡು ಹೆಣ್ಣುಮಕ್ಕಳ ತಾಯಿ: ಹೋದ ವರ್ಷ ರೆಡಿಮೇಡ್ ಬಾಡಿಗೆಗೆ ತಂದೆ. ಬಾಡಿಗೆ 450, ರಾಗಟೆ–ಜಡೆಬಿಲ್ಲೆ ಸೆಟ್ 380, ಪಾರ್ಲರಿಗೆ 800, ಆಟೊ 240. ಕುಚ್ಚು ಕಿತ್ತಿದೆ ಅಂತ ಅಡ್ವಾನ್ಸಲ್ಲಿ 300 ಹಿಡ್ಕೊಂಡ್ರು. ತಂದಾಗಲೇ ಅದು ಸಡಿಲ ಇತ್ತು! ಒಟ್ಟು 2170. ಅರ್ಧ ಗಂಟೆಗೇ ಮಗು ನೆತ್ತಿ ಉರೀತಿದೆ ಅಂತ ಬಿಚ್ಚಿಸಿಕೊಂಡಳು.

ಉಡುಪಿ: ಇಷ್ಟು ರಗಳೆ ಯಾಕೆ ಮಾರಾಯ್ರೆ? ಶಂಕರಪುರ ಮಲ್ಲಿಗೆ ಒಂದು ಅಟ್ಟೆ ತನ್ನಿ. ಬಾಳೆನಾರಿನಲ್ಲಿ ಕಟ್ಟಿಯೇ ಬರ್ತದೆ, ಜಡೆಗೆ ಸುತ್ತಿದರಾಯ್ತು. ನನ್ನ ಮಗಳಿಗೆ ಹಾಗೇ ಮಾಡಿದ್ದು. ಮಾರನೇ ದಿನ ದಿಂಬೂ ಘಮ ಅಂತಿತ್ತು.

ಮೈಸೂರಿನವಳು: ಸುತ್ತಿದ್ದು ಮೊಗ್ಗಿನ ಜಡೆ ಆಗಲ್ಲ, ಹೂ ಮುಡಿದ ಹಾಗಾಗುತ್ತೆ. ಹೊಲಿಯಬೇಕು. ದಯವಿಟ್ಟು ಹೆಸರು ಕೆಡಿಸಬೇಡಿ.

ಉಡುಪಿ: ಹೆಸರು ಕೆಡಿಸುವುದು ಎಂಥದ್ದು? ನಮ್ಮಲ್ಲಿ ಮದುಮಗಳು ಮುಡಿಯುವುದೇ ಇದನ್ನು. ಅಟ್ಟೆಗೆ ನಾಲ್ಕು ಚೆಂಡು, ಚೆಂಡಿಗೆ 800 ಹೂ, ಒಂದೊಂದನ್ನೂ ಎಣಿಸಿ ಕಟ್ಟುವುದು. ನನ್ನ ಅಮ್ಮ ಅದನ್ನೇ ಕಟ್ಟಿ ನಮ್ಮನ್ನು ಓದಿಸಿದ್ದು. ನಿಮ್ಮ ಸೂಜಿಯ ಕೆಲಸ ಮಾತ್ರ ಕೆಲಸವಾ?

ಮೈಸೂರಿನವಳು: ನಿಮ್ಮಮ್ಮನ ಬಗ್ಗೆ ನಾನೆಲ್ಲಿ ಮಾತಾಡಿದೆ?

ದಾವಣಗೆರೆಯಿಂದ: ಇಬ್ಬರೂ ಹೂವಿಗೆ ಜಗಳ ಆಡ್ತಿದ್ದೀರಿ. ಆ ಮಗುವಿನ ಕೂದಲು ಭುಜದವರೆಗೆ ಅಂತ ಬರೆದಿದ್ದಾರೆ, ಓದಿದಿರಾ? ತುಮಕೂರಿನ ಅಕ್ಕ, ಚೌರಿಯನ್ನ ಮೊದಲು ಬುಡದಲ್ಲೇ ಕರಿದಾರ ಸುತ್ತಿ ಬಿಗೀರಿ, ಆಮೇಲೆ ಹೆಣೀರಿ. ನಮ್ಮಮ್ಮ ಪಿನ್ನನ್ನೇ ನಂಬಿದ್ದಳು.